ಅರ್ಧ ಖಾಲಿ ಪಾರ್ಕನ್ನು ನಡೆಸುವ ಬಗೆ: ಸಾಂಕ್ರಾಮಿಕದ ನಡುವೆ ಥೀಮ್ ಪಾರ್ಕ್ ಮರುಆರಂಭಕ್ಕೊಂದು ಸಮಗ್ರ ಮಾರ್ಗದರ್ಶಿ

2020ರ ಜನವರಿ 25ರಂದು ಶಾಂಘೈ ಡಿಸ್ನಿಲ್ಯಾಂಡ್ ಬಾಗಿಲು ಹಾಕಿತು. ಮರುದಿನ ಹಾಂಗ್‌ಕಾಂಗ್, ಫೆಬ್ರವರಿಯ ಕೊನೆಯ ದಿನ ಟೋಕಿಯೊ, ಮಾರ್ಚ್ ಮಧ್ಯದ ಹೊತ್ತಿಗೆ ಕ್ಯಾಲಿಫೋರ್ನಿಯಾ, ಫ್ಲೋರಿಡಾ ಮತ್ತು ಪ್ಯಾರಿಸ್‌ನ ಪಾರ್ಕ್‌ಗಳು ಅದೇ ದಾರಿ ಹಿಡಿದವು. ಕರ್ನಾಟಕದ ಮನೋರಂಜನಾ ಪಾರ್ಕ್‌ಗಳೂ ಆ ಮಾರ್ಚ್‌ನಲ್ಲೇ ನಿಂತುಹೋದವು. ಮತ್ತೆ ತೆರೆದದ್ದು ಮಾತ್ರ ಎಲ್ಲ ಕಡೆ ಒಂದೇ ಹೊತ್ತಿಗಲ್ಲ. ಶಾಂಘೈ 2020ರ ಮೇ 11ರಂದು ತೆರೆಯಿತು. ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿರುವ ಮೂಲ ಡಿಸ್ನಿಲ್ಯಾಂಡ್ ತೆರೆಯಲು 2021ರ ಏಪ್ರಿಲ್ 30ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ವಂಡರ್‌ಲಾ 2020ರ ನವೆಂಬರ್‌ನಲ್ಲಿ ಜನರನ್ನು ಮತ್ತೆ ಬರಮಾಡಿಕೊಂಡಿತು.

ತೆರೆದ ಮೇಲೂ ಜನ ಮೊದಲಿನಂತೆ ಬರಲಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಜನ ಬರುತ್ತಿದ್ದ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ 2019ರಲ್ಲಿ ಸುಮಾರು 2 ಕೋಟಿ 9 ಲಕ್ಷ ಜನರನ್ನು ಕಂಡಿತ್ತು. 2020ರಲ್ಲಿ ಅದು ಸುಮಾರು 69 ಲಕ್ಷಕ್ಕೆ ಇಳಿಯಿತು. ಈ ಇಳಿಕೆಯಲ್ಲಿ ಒಂದು ಪಾಲು ಮುಚ್ಚಿದ ತಿಂಗಳುಗಳದ್ದು, ಒಂದು ಪಾಲು ಜನರ ಭಯದ್ದು, ಇನ್ನೊಂದು ಪಾಲು ಪಾರ್ಕ್ ತಾನಾಗಿಯೇ ಹಾಕಿಕೊಂಡ ಮಿತಿಯದ್ದು. ಈ ಮೂರನೆಯ ಪಾಲನ್ನು ಸರಿಯಾಗಿ ನಿರ್ಧರಿಸುವುದು ಹೇಗೆ ಎಂಬುದೇ ಈ ಮಾರ್ಗದರ್ಶಿಯ ನಡುಬಿಂದು. ಪೂರ್ತಿ ಜನರಿಗೆಂದು ಕಟ್ಟಿದ ಪಾರ್ಕಿಗೆ ಅರ್ಧ ಜನರನ್ನು ಬಿಟ್ಟ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಕಡಿಮೆ ಜನರಿಗೆಂದೇ ಅದರ ಸರತಿ, ರೈಡು, ಪಾಳಿ, ಅಡುಗೆಮನೆ ಎಲ್ಲವನ್ನೂ ಹೊಸದಾಗಿ ಜೋಡಿಸಬೇಕಾಗುತ್ತದೆ.

ಮೊದಲ ಹೆಜ್ಜೆ: ಆದೇಶವನ್ನು ಸಾಲುಸಾಲಾಗಿ ಓದುವುದು

ಭಾರತದಲ್ಲಿ ಕೇಂದ್ರ ಗೃಹ ಸಚಿವಾಲಯವು 2020ರ ಸೆಪ್ಟೆಂಬರ್ 30ರ ಆದೇಶದಲ್ಲಿ, ಕಂಟೈನ್‌ಮೆಂಟ್ ವಲಯದ ಹೊರಗಿನ ಮನೋರಂಜನಾ ಪಾರ್ಕ್‌ಗಳು ಅಕ್ಟೋಬರ್ 15ರಿಂದ ತೆರೆಯಬಹುದೆಂದು ಹೇಳಿತು. ಅದರ ಬೆನ್ನಿಗೇ ಆರೋಗ್ಯ ಸಚಿವಾಲಯದ ಕಾರ್ಯವಿಧಾನ ಬಂತು. ಆರು ಅಡಿ ಅಂತರ, ಬಾಗಿಲಲ್ಲಿ ಉಷ್ಣಾಂಶ ತಪಾಸಣೆ, ಆದಷ್ಟೂ ಆನ್‌ಲೈನ್ ಟಿಕೆಟ್, ಫುಡ್ ಕೋರ್ಟ್‌ನಲ್ಲಿ ಅರ್ಧದಷ್ಟು ಆಸನ, ಹವಾನಿಯಂತ್ರಣ 24ರಿಂದ 30 ಡಿಗ್ರಿ, ತೇವಾಂಶ ಶೇ 40ರಿಂದ 70, ಒರೆಸಲು ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ ಎಂಬ ವಿವರಗಳು ಅದರಲ್ಲಿದ್ದವು. ಈಜುಕೊಳಗಳು ಮುಚ್ಚಿರಬೇಕು, ಆದರೆ ನೀರಿನ ರೈಡುಗಳಲ್ಲಿ ಸೋಸುವಿಕೆ ಮತ್ತು ಕ್ಲೋರಿನೀಕರಣ ಸರಿಯಾಗಿರಬೇಕು ಎಂದೂ ಹೇಳಲಾಗಿತ್ತು.

ಇಂಥ ಆದೇಶ ಕೈಸೇರಿದ ದಿನವೇ ಅದರ ಪ್ರತಿಯೊಂದು ಸಾಲಿನ ಎದುರು ಮೂರು ಸಂಗತಿಗಳನ್ನು ಬರೆದಿಡಬೇಕು: ಯಾರು ಮಾಡುತ್ತಾರೆ, ಯಾವ ವಸ್ತು ಬೇಕು, ಮಾಡಿದ್ದಕ್ಕೆ ದಾಖಲೆ ಎಲ್ಲಿರುತ್ತದೆ. ಕೇಂದ್ರ ಅನುಮತಿ ಕೊಟ್ಟಿದ್ದರೂ ರಾಜ್ಯ ಅಥವಾ ಜಿಲ್ಲಾಡಳಿತ ಇನ್ನಷ್ಟು ಬಿಗಿ ಮಾಡಬಹುದು. ಆದ್ದರಿಂದ ತೆರೆಯುವ ದಿನಾಂಕವನ್ನು ಜಾಹೀರಾತಿನಲ್ಲಿ ಹಾಕುವ ಮೊದಲು ಮೂರೂ ಕಡೆಯ ಲಿಖಿತ ಸಮ್ಮತಿ ಕೈಯಲ್ಲಿರಬೇಕು.

ಎರಡನೇ ಹೆಜ್ಜೆ: ನಿಂತ ಯಂತ್ರಗಳನ್ನು ಎಬ್ಬಿಸುವುದು

ಸೋಂಕಿನ ಗಲಾಟೆಯಲ್ಲಿ ಮರೆತುಹೋಗುವ, ಆದರೆ ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಕೆಲಸವಿದು. ಓಡದೆ ನಿಂತ ರೈಡು ಓಡುವ ರೈಡಿಗಿಂತ ಬೇರೆ ರೀತಿಯಲ್ಲಿ ಹಾಳಾಗುತ್ತದೆ. ರೋಲರ್ ಕೋಸ್ಟರ್ ರೈಲಿನ ಚಕ್ರಗಳ ಮೇಲೆ ಪಾಲಿಯುರೆಥೇನ್ ಹೊದಿಕೆ ಇರುತ್ತದೆ. ಇಡೀ ರೈಲಿನ ತೂಕ ತಿಂಗಳುಗಟ್ಟಲೆ ಒಂದೇ ಬಿಂದುವಿನ ಮೇಲೆ ಕೂತರೆ ಆ ಜಾಗ ಚಪ್ಪಟೆಯಾಗಿ, ಓಡಿಸಿದಾಗ ರೈಲು ಕುಲುಕತೊಡಗುತ್ತದೆ. ಬೇರಿಂಗ್‌ಗಳಲ್ಲಿ ಗ್ರೀಸು ಗಟ್ಟಿಯಾಗುತ್ತದೆ, ಹೈಡ್ರಾಲಿಕ್ ಎಣ್ಣೆಯಲ್ಲಿ ತೇವ ಸೇರುತ್ತದೆ, ಮಳೆಗಾಲದಲ್ಲಿ ಕೇಬಲ್ ಕಾಲುವೆಗಳಿಗೆ ನೀರು ನುಗ್ಗುತ್ತದೆ, ಇಲಿಗಳು ತಂತಿಯ ಹೊದಿಕೆ ಕಡಿಯುತ್ತವೆ. ಆದ್ದರಿಂದ ಮುಚ್ಚಿರುವ ಅವಧಿಯಲ್ಲೂ ಕನಿಷ್ಠ ಒಂದು ತಾಂತ್ರಿಕ ತಂಡ ಕೆಲಸದಲ್ಲಿದ್ದು, ನಿಗದಿತ ದಿನಗಳಲ್ಲಿ ಪ್ರತಿ ರೈಡನ್ನೂ ಖಾಲಿಯಾಗಿ ಓಡಿಸುತ್ತಿರಬೇಕು. ಆದಾಯವಿಲ್ಲದ ತಿಂಗಳಲ್ಲಿ ಈ ಖರ್ಚು ಕಣ್ಣಿಗೆ ಚುಚ್ಚುತ್ತದೆ, ನಿಜ; ಆದರೂ ಕಡಿತ ಮಾಡಬಹುದಾದ ಖರ್ಚುಗಳ ಪಟ್ಟಿಯಲ್ಲಿ ಇದು ಕಟ್ಟಕಡೆಯದಾಗಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ತೆರೆಯುವ ಮುನ್ನ ಬೆಸುಗೆಯ ಜಾಗಗಳನ್ನು ಬಿರುಕಿಗಾಗಿ ಪರೀಕ್ಷಿಸಬೇಕು. ಇದಕ್ಕೆ ಬಳಕೆಯಲ್ಲಿರುವ ಒಂದು ಸರಳ ವಿಧಾನ ಹೀಗಿದೆ: ಲೋಹವನ್ನು ಚೆನ್ನಾಗಿ ಒರೆಸಿ ಕೆಂಪು ದ್ರವ ಬಳಿಯುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮೇಲಿನದ್ದನ್ನೆಲ್ಲ ಒರೆಸಿ ತೆಗೆದು ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ, ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಕೆಂಪು ಮೆಲ್ಲನೆ ಹೊರಬಂದು ಬಿಳಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡಿಸುತ್ತದೆ. ಆ ಗೆರೆ ಕಂಡ ರೈಡು ದುರಸ್ತಿಯಾಗುವವರೆಗೆ ತೆರೆಯಬಾರದು. ಇದಾದ ಮೇಲೆ ಖಾಲಿ ಸುತ್ತುಗಳು, ನಂತರ ಸೀಟಿನಲ್ಲಿ ಮರಳಿನ ಚೀಲ ಕಟ್ಟಿ ತೂಕದ ಸುತ್ತುಗಳು, ಕೊನೆಗೆ ಸಿಬ್ಬಂದಿಯನ್ನು ಕೂರಿಸಿ ಓಡಿಸುವ ಸುತ್ತುಗಳು ನಡೆಯಬೇಕು. ಎತ್ತರದಲ್ಲಿ ರೈಡು ನಿಂತಾಗ ಜನರನ್ನು ಇಳಿಸುವ ಅಭ್ಯಾಸವನ್ನು ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡೇ ಒಮ್ಮೆ ಮಾಡಿನೋಡಬೇಕು, ಏಕೆಂದರೆ ಮಾಸ್ಕ್ ಹಾಕಿಕೊಂಡು ಕೊಟ್ಟ ಸೂಚನೆ ಹತ್ತು ಮೀಟರ್ ಆಚೆಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ.

ಮೂರನೇ ಹೆಜ್ಜೆ: ಎಷ್ಟು ಜನ ಎಂಬ ಲೆಕ್ಕ

ಶಾಂಘೈ ಡಿಸ್ನಿಲ್ಯಾಂಡ್‌ಗೆ ದಿನಕ್ಕೆ 80,000 ಜನರನ್ನು ಹಿಡಿಯುವ ಶಕ್ತಿ ಇತ್ತು. ಚೀನಾ ಸರ್ಕಾರ ಶೇ 30ರ ಮಿತಿ ಹಾಕಿದಾಗ ಅದು 24,000 ಆಯಿತು. ಆದರೆ ಕಂಪನಿ ಮೊದಲ ದಿನಗಳಲ್ಲಿ ಆ 24,000ವನ್ನೂ ತುಂಬಿಸುವುದಿಲ್ಲ, ಅದಕ್ಕಿಂತ ಸಾಕಷ್ಟು ಕಡಿಮೆ ಜನರಿಂದ ಶುರುಮಾಡುತ್ತೇವೆ ಎಂದು ಪ್ರಕಟಿಸಿತು. ಅದು ಅತಿ ಎಚ್ಚರಿಕೆಯ ಮಾತೆಂದು ಹಲವರಿಗೆ ಅನ್ನಿಸಿರಬಹುದು. ಲೆಕ್ಕ ಹಾಕಿದರೆ ಅದರ ಅಗತ್ಯ ತಿಳಿಯುತ್ತದೆ.

ಎರಡೆರಡು ಸೀಟಿನ 12 ಸಾಲುಗಳಿರುವ, ಒಟ್ಟು 24 ಸೀಟಿನ ಒಂದು ಕೋಸ್ಟರ್ ರೈಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಾಮೂಲಿ ದಿನದಲ್ಲಿ 90 ಸೆಕೆಂಡಿಗೊಮ್ಮೆ ರೈಲು ಹೊರಟರೆ ಗಂಟೆಗೆ 40 ಸುತ್ತು, 960 ಜನ. ಈಗ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೂರಿಸಿದರೆ ಸೀಟು 12ಕ್ಕೆ ಇಳಿಯುತ್ತದೆ. ಅಪರಿಚಿತರನ್ನು ಪಕ್ಕಪಕ್ಕ ಕೂರಿಸುವಂತಿಲ್ಲ. ಮೂವರ ಕುಟುಂಬ ಬಂದರೆ ನಾಲ್ಕನೆಯ ಸೀಟು ಖಾಲಿಯೇ ಹೋಗುತ್ತದೆ. ಹಾಗಾಗಿ ಸರಾಸರಿ 10 ಜನ ಎಂದಿಟ್ಟುಕೊಳ್ಳಬಹುದು. ಇಳಿಯುವವರು ಪೂರ್ತಿ ಹೊರಗೆ ಹೋದ ಮೇಲೆಯೇ ಹತ್ತುವವರನ್ನು ಬಿಡುವುದು, ನಡುವೆ ಹಿಡಿಕೆ ಒರೆಸುವುದು ಸೇರಿ ರೈಲು ಹೊರಡುವ ಅಂತರ ಎರಡು ನಿಮಿಷಕ್ಕೆ ಏರುತ್ತದೆ. ಅಲ್ಲಿಗೆ ಗಂಟೆಗೆ 30 ಸುತ್ತು, 300 ಜನ. ಅಂದರೆ ರೈಡಿನ ಶಕ್ತಿ ಮೊದಲಿನ ಶೇ 31ಕ್ಕೆ ಕುಸಿಯಿತು. ಯಾವುದೋ ಆದೇಶದಲ್ಲಿ ಶೇ 50 ಎಂದಿದೆಯೆಂದು ಅರ್ಧ ಜನರನ್ನು ಒಳಗೆ ಬಿಟ್ಟರೆ, ಆ ಅರ್ಧ ಜನ ತುಂಬಿದ ಭಾನುವಾರಕ್ಕಿಂತಲೂ ಹೆಚ್ಚು ಹೊತ್ತು ಸರತಿಯಲ್ಲಿ ನಿಲ್ಲುತ್ತಾರೆ. ಸೋಂಕು ಹರಡಲು ಒಬ್ಬರ ಹಿಂದೆ ಒಬ್ಬರು ದೀರ್ಘಕಾಲ ನಿಲ್ಲುವ ಸರತಿಗಿಂತ ಅನುಕೂಲವಾದ ಜಾಗಗಳು ಪಾರ್ಕಿನಲ್ಲಿ ಕಡಿಮೆ.

ಆದ್ದರಿಂದ ಸರ್ಕಾರದ ಶೇಕಡಾವನ್ನು ಮೇಲಿನ ಮಿತಿ ಎಂದಷ್ಟೇ ಭಾವಿಸಬೇಕು. ಪಾರ್ಕಿನ ನಿಜವಾದ ಮಿತಿಯನ್ನು ಕೆಳಗಿನಿಂದ ಕಟ್ಟಬೇಕು. ಪ್ರತಿ ರೈಡಿನ ಹೊಸ ಗಂಟೆಯ ಸಂಖ್ಯೆಯನ್ನು ಸ್ಟಾಪ್‌ವಾಚ್ ಹಿಡಿದು ನಿಜವಾಗಿ ಅಳೆಯಬೇಕು. ತಯಾರಕರ ಕೈಪಿಡಿಯ ಸಂಖ್ಯೆ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಅವೆಲ್ಲವನ್ನೂ ಕೂಡಿಸಿ, ಒಬ್ಬ ಅತಿಥಿ ಗಂಟೆಗೆ ಎಷ್ಟು ರೈಡು ಹತ್ತಲಿ ಎಂದು ಬಯಸುತ್ತೇವೋ ಅದರಿಂದ ಭಾಗಿಸಬೇಕು. ಎಲ್ಲ ರೈಡುಗಳ ಮೊತ್ತ ಗಂಟೆಗೆ 4,000 ಆಗಿದ್ದು, ಒಬ್ಬರಿಗೆ ಗಂಟೆಗೆ ಎರಡು ರೈಡು ಸಿಗಬೇಕೆಂದಿದ್ದರೆ, ಒಂದೇ ಹೊತ್ತಿನಲ್ಲಿ ಒಳಗಿರಬಹುದಾದವರು 2,000. ಈ ಸಂಖ್ಯೆ ಆದೇಶದ ಮಿತಿಗಿಂತ ಕಡಿಮೆಯಿದ್ದರೆ ಇದನ್ನೇ ಪಾಲಿಸಬೇಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಶೇ 25ರ ಮಿತಿಯಲ್ಲಿ, ಮೊದಲಿಗೆ ಆ ರಾಜ್ಯದ ನಿವಾಸಿಗಳಿಗೆ ಮಾತ್ರ ತೆರೆದುಕೊಂಡಿತು. ಫ್ಲೋರಿಡಾದ ಡಿಸ್ನಿ ಪಾರ್ಕ್‌ಗಳು 2020ರ ಜುಲೈಯಲ್ಲಿ ತೆರೆದು, ನವೆಂಬರ್ ಹೊತ್ತಿಗಷ್ಟೇ ಶೇ 25ರಿಂದ 35ಕ್ಕೆ ಏರಿದವು. ಇಳಿಸುವುದಕ್ಕಿಂತ ಏರಿಸುವುದು ಸುಲಭ; ಟಿಕೆಟ್ ಮಾರಿದ ಮೇಲೆ ಮಿತಿ ಇಳಿಸಿದರೆ ಹಣ ವಾಪಸು ಮಾಡುವ ಕೆಲಸವೇ ಒಂದು ವಾರ ಹಿಡಿಯುತ್ತದೆ.

ನಾಲ್ಕನೇ ಹೆಜ್ಜೆ: ಬಾಗಿಲು ಮತ್ತು ಸರತಿ

ದಿನಾಂಕ ನಮೂದಿಸಿದ ಮುಂಗಡ ಟಿಕೆಟ್ ಇಲ್ಲದೆ ಮೇಲಿನ ಲೆಕ್ಕಕ್ಕೆ ಅರ್ಥವಿಲ್ಲ. 2020ರ ಜುಲೈ 1ರಂದು ತೆರೆದ ಟೋಕಿಯೊ ಡಿಸ್ನಿ ದಿನಾಂಕದ ಜೊತೆಗೆ ಪ್ರವೇಶದ ಸಮಯವನ್ನೂ ಬೇರೆ ಬೇರೆ ಮಾಡಿ ಟಿಕೆಟ್ ಮಾರಿತು. ಇದರಿಂದ ಬೆಳಗಿನ ನೂಕುನುಗ್ಗಲು ಒಡೆದುಹೋಗುತ್ತದೆ. ನಮ್ಮಲ್ಲಿ ಬಸ್ಸು ಮಾಡಿಕೊಂಡು ಬರುವ ಶಾಲಾ ತಂಡಗಳಿಗೆ ಹಾಗೂ ಕಂಪನಿಗಳ ಗುಂಪುಗಳಿಗೆ ಪ್ರತ್ಯೇಕ ಸಮಯ ಕೊಡುವುದು ಇನ್ನೂ ಮುಖ್ಯ, ಏಕೆಂದರೆ ಎರಡು ಬಸ್ಸು ಒಟ್ಟಿಗೆ ಬಂದರೆ ನೂರು ಜನ ಒಂದೇ ಕ್ಷಣ ಬಾಗಿಲಲ್ಲಿರುತ್ತಾರೆ.

ಸರತಿಯ ಕಂಬಿಗಳ ನಡುವಿನ ದಾರಿ 120 ಅಡಿ ಇದೆ ಎನ್ನೋಣ. ಮಾಮೂಲಿ ದಿನ ಎರಡು ಅಡಿಗೆ ಇಬ್ಬರಂತೆ 120 ಜನ ಅಲ್ಲಿ ಹಿಡಿಸುತ್ತಾರೆ. ನಾಲ್ವರ ಕುಟುಂಬ ನಿಲ್ಲಲು ನಾಲ್ಕು ಅಡಿ, ಮುಂದಿನ ಕುಟುಂಬಕ್ಕೆ ಆರು ಅಡಿ ಅಂತರ ಎಂದಾದರೆ ಹತ್ತು ಅಡಿಗೊಂದು ಕುಟುಂಬ, ಒಟ್ಟು 48 ಜನ. ಗಂಟೆಗೆ 300 ಜನರನ್ನು ಹತ್ತಿಸುವ ರೈಡಿಗೆ ಇದು ಹತ್ತು ನಿಮಿಷದ ಸರತಿ. ನಲವತ್ತೊಂಬತ್ತನೆಯವರು ಬಂದಾಗ ಸರತಿ ದಾರಿಗೆ ಚಾಚದಂತೆ ಅವರನ್ನು ಫೋನಿನ ಮೂಲಕ ನೀಡುವ ಟೋಕನ್‌ಗೆ ಕಳಿಸಬೇಕು. ಯೂನಿವರ್ಸಲ್ ಆರ್ಲ್ಯಾಂಡೊ ಕೆಲವು ರೈಡುಗಳಿಗೆ ಇಂಥ ವರ್ಚುವಲ್ ಸರತಿಯನ್ನು ಬಳಸಿತು. ಫ್ಲೋರಿಡಾದ ಡಿಸ್ನಿ ವರ್ಲ್ಡ್, ಮೊದಲೇ ಸಮಯ ಕಾದಿರಿಸಿದವರನ್ನು ಬೇರೆ ದಾರಿಯಲ್ಲಿ ಬೇಗ ಹತ್ತಿಸುವ ತನ್ನ ಫಾಸ್ಟ್‌ಪಾಸ್ ವ್ಯವಸ್ಥೆಯನ್ನೇ ನಿಲ್ಲಿಸಿ, ಅದಕ್ಕೆ ಮೀಸಲಾಗಿದ್ದ ದಾರಿಯನ್ನು ಅಂತರ ಕಾಯ್ದುಕೊಳ್ಳಲು ಉಪಯೋಗಿಸಿತು. ಹೆಚ್ಚು ಹಣ ಕೊಟ್ಟವರಿಗೆ ಬೇಗ ಪ್ರವೇಶ ಕೊಡುವ ಪದ್ಧತಿಯುಳ್ಳ ಪಾರ್ಕ್‌ಗಳಿಗೆ ಇದು ಆದಾಯದ ಕಡಿತವೇ ಹೌದು. ಆದರೂ ಆ ಎರಡನೆಯ ದಾರಿಯ ಜಾಗ ಈ ಹೊತ್ತಿನಲ್ಲಿ ಹಣಕ್ಕಿಂತ ಬೆಲೆಯುಳ್ಳದ್ದು.

ಒಂದೆಡೆ ಜನರನ್ನು ಸೇರಿಸುವ ಮೆರವಣಿಗೆ, ಬಾಣಬಿರುಸು, ರೇನ್ ಡ್ಯಾನ್ಸ್‌ನಂಥವನ್ನು ನಿಲ್ಲಿಸಬೇಕು. ಫ್ಲೋರಿಡಾದಲ್ಲಿ ಡಿಸ್ನಿ ದೊಡ್ಡ ಮೆರವಣಿಗೆಯ ಬದಲು ಸಮಯ ಮೊದಲೇ ತಿಳಿಸದ ಪುಟ್ಟ ಮೆರವಣಿಗೆಗಳನ್ನು ದಿನವಿಡೀ ಬಿಟ್ಟಿತು. ಸಮಯ ಗೊತ್ತಿಲ್ಲದ ಕಾರಣ ಯಾರೂ ಮೊದಲೇ ಬಂದು ಜಾಗ ಹಿಡಿಯಲಿಲ್ಲ, ಮಕ್ಕಳಿಗೂ ನಿರಾಸೆಯಾಗಲಿಲ್ಲ. ನೋಡಲು ಇದು ಸಣ್ಣ ಬದಲಾವಣೆ, ಆದರೆ ಇಡೀ ಮರುಆರಂಭದಲ್ಲಿ ನನಗೆ ಅತಿ ಜಾಣ ಎನಿಸಿದ ಏರ್ಪಾಡು ಇದೇ.

ಐದನೇ ಹೆಜ್ಜೆ: ಗಾಳಿ, ಮಾಸ್ಕ್ ಮತ್ತು ಕೂಗು

2020ರಲ್ಲಿ ಎಲ್ಲರೂ ಒರೆಸುವುದಕ್ಕೆ ಅತಿಯಾದ ಮಹತ್ವ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯು, ಸೋಂಕಿತ ಮೇಲ್ಮೈಯನ್ನು ಒಮ್ಮೆ ಮುಟ್ಟಿದ್ದರಿಂದ ಕೋವಿಡ್ ತಗಲುವ ಸಾಧ್ಯತೆ 10,000ಕ್ಕೆ 1ಕ್ಕಿಂತ ಕಡಿಮೆ ಎಂದು ಹೇಳಿತು. ಮುಂದೊಂದು ಉಸಿರಾಟದ ಸಾಂಕ್ರಾಮಿಕ ಬಂದರೆ ಈ ಪಾಠ ನೆನಪಿನಲ್ಲಿರಬೇಕು: ಪ್ರತಿ ಸುತ್ತಿಗೂ ಸೀಟು ಒರೆಸುವ ಕೈಗಳನ್ನು ಸರತಿಯ ಅಂತರ ನೋಡಿಕೊಳ್ಳಲು ಹಚ್ಚುವುದೇ ಹೆಚ್ಚು ಫಲಕಾರಿ. ಅದಲ್ಲದೆ, ಹೈಪೊಕ್ಲೋರೈಟ್ ದ್ರಾವಣ ಉಕ್ಕನ್ನು ತಿನ್ನುತ್ತದೆ. ಸೀಟಿನ ಲಾಕ್, ಪಿನ್ನು, ಬೆಲ್ಟಿನ ಬಕಲ್‌ಗಳಿಗೆ ಅದನ್ನು ದಿನವೂ ಹೊಡೆದರೆ ಜೀವ ಕಾಯುವ ಭಾಗವೇ ತುಕ್ಕು ಹಿಡಿಯುತ್ತದೆ. ಅಲ್ಲಿ ಯಾವ ದ್ರಾವಣ ಬಳಸಬಹುದೆಂದು ತಯಾರಕರಿಂದ ಬರಹದಲ್ಲಿ ಕೇಳಿ ಪಡೆಯಬೇಕು.

ಮುಚ್ಚಿದ ಕೋಣೆಯ ಭೂತಬಂಗಲೆ, 3ಡಿ ಚಿತ್ರಮಂದಿರದಂಥವು ಕೊನೆಯಲ್ಲಿ ತೆರೆಯಬೇಕಾದವು. ಹೊರಗಿನ ಗಾಳಿ ಒಳಗೆ ಬರುವಂತೆ ಮಾಡಲಾಗದಿದ್ದರೆ ಅವನ್ನು ಮುಚ್ಚಿಯೇ ಇಡುವುದು ಒಳ್ಳೆಯದು.

ಕೂಗಿನ ವಿಷಯದಲ್ಲಿ ಜಪಾನಿನ ಉದಾಹರಣೆ ಪ್ರಸಿದ್ಧವಾಗಿದೆ. ಅಲ್ಲಿನ ಪಾರ್ಕ್‌ಗಳ ಸಂಘಗಳು ರೈಡಿನಲ್ಲಿ ಜೋರಾಗಿ ಕಿರುಚಬಾರದೆಂದು ಮಾರ್ಗಸೂಚಿ ಹೊರಡಿಸಿದಾಗ, ಫುಜಿ-ಕ್ಯೂ ಹೈಲ್ಯಾಂಡ್‌ನ ಇಬ್ಬರು ಅಧಿಕಾರಿಗಳು ಮಾಸ್ಕ್ ಹಾಕಿಕೊಂಡು, ಫುಜಿಯಾಮ ಕೋಸ್ಟರ್ ಏರಿ, ಒಂದು ಸದ್ದೂ ಮಾಡದೆ ಕೂತ ವಿಡಿಯೊ ಬಿಡುಗಡೆಯಾಯಿತು. ಮನಸ್ಸಿನೊಳಗೇ ಕಿರುಚಿಕೊಳ್ಳಿ ಎಂಬುದು ಅದರ ಕೋರಿಕೆ. ನಿಯಮವನ್ನು ಫಲಕದಲ್ಲಿ ಬರೆದು ಹಾಕುವುದಕ್ಕಿಂತ ಮೇಲಧಿಕಾರಿಗಳೇ ಪಾಲಿಸಿ ತೋರಿಸಿದ್ದು ಹೆಚ್ಚು ಮುಟ್ಟಿತು. ಮಾಸ್ಕ್ ವಿಷಯದಲ್ಲಿ ಫ್ಲೋರಿಡಾದಲ್ಲಿ ಬೇರೊಂದು ತೊಡಕು ಬಂತು: ತಿನ್ನುವಾಗ, ಕುಡಿಯುವಾಗ ಮಾಸ್ಕ್ ತೆಗೆಯಬಹುದು ಎಂದಿದ್ದರಿಂದ ಕೈಯಲ್ಲೊಂದು ಲೋಟ ಹಿಡಿದು ದಿನವಿಡೀ ಮಾಸ್ಕ್ ಇಲ್ಲದೆ ಅಡ್ಡಾಡಲು ದಾರಿಯಾಯಿತು. ತೆರೆದ ಕೆಲವೇ ದಿನಗಳಲ್ಲಿ ಡಿಸ್ನಿ, ಒಂದೆಡೆ ನಿಂತು ಅಂತರ ಕಾಯ್ದುಕೊಂಡೇ ತಿನ್ನಬೇಕು, ಕುಡಿಯಬೇಕು ಎಂದು ನಿಯಮ ತಿದ್ದಿತು.

ಆರನೇ ಹೆಜ್ಜೆ: ನೀರು

ನೀರು ನಿಂತ ಕೊಳವೆಗಳಲ್ಲಿ, ನೀರಿನ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೆಚ್ಚಗಿನ ನಿಂತ ನೀರು ಅದಕ್ಕೆ ತಕ್ಕ ಜಾಗ. ಆದ್ದರಿಂದ ಷವರ್, ಕಾರಂಜಿ, ಮಂಜಿನಂತೆ ನೀರು ಚಿಮ್ಮಿಸುವ ಫ್ಯಾನ್ ಎಲ್ಲವನ್ನೂ ಜನ ಬರುವ ಮೊದಲೇ ಚೆನ್ನಾಗಿ ಹರಿಯಬಿಟ್ಟು ಕ್ಲೋರಿನ್‌ನಿಂದ ತೊಳೆಯಬೇಕು. ಕೊಳದ ನೀರಿನಲ್ಲಿ ಮುಕ್ತ ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ), ಪಿಎಚ್ 7.2ರಿಂದ 7.8ರೊಳಗೆ ಇರಬೇಕು, ವೇವ್ ಪೂಲ್‌ನಲ್ಲಿ ಇದನ್ನು ದಿನಕ್ಕೆ ಹಲವು ಸಲ ಅಳೆದು ಬರೆದಿಡಬೇಕು. ಸರಿಯಾಗಿ ಕ್ಲೋರಿನ್ ಇರುವ ನೀರಿಗಿಂತ ಬಟ್ಟೆ ಬದಲಿಸುವ ಕೋಣೆ ಮತ್ತು ಲಾಕರ್ ಸಾಲು ಹೆಚ್ಚು ಅಪಾಯದ ಜಾಗಗಳು, ಏಕೆಂದರೆ ಒದ್ದೆ ಮಾಸ್ಕ್ ಹಾಕಿಕೊಳ್ಳಲಾಗದು ಮತ್ತು ಅಲ್ಲಿ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಒಣ ರೈಡುಗಳನ್ನು ಮೊದಲು, ನೀರಿನ ರೈಡುಗಳನ್ನು ನಂತರ ತೆರೆಯುವುದು ಕ್ಷೇಮ. ಡಿಸ್ನಿ ವರ್ಲ್ಡ್ ತನ್ನ ಎರಡು ವಾಟರ್ ಪಾರ್ಕ್‌ಗಳ ಪೈಕಿ ಬ್ಲಿಜರ್ಡ್ ಬೀಚನ್ನು 2021ರ ಮಾರ್ಚ್‌ನಲ್ಲಿ ತೆರೆಯಿತು.

ಏಳನೇ ಹೆಜ್ಜೆ: ಸಿಬ್ಬಂದಿ

ಸಿಬ್ಬಂದಿಯನ್ನು ಎರಡು ತಂಡ ಮಾಡಿ, ಅವೆರಡೂ ಊಟದ ಮನೆಯಲ್ಲೂ ವ್ಯಾನಿನಲ್ಲೂ ಒಂದಾಗದಂತೆ ನೋಡಿಕೊಂಡರೆ, ಒಂದು ತಂಡದಲ್ಲಿ ಸೋಂಕು ಕಂಡರೂ ಪಾರ್ಕ್ ನಿಲ್ಲುವುದಿಲ್ಲ. ಜ್ವರ ಬಂದವರಿಗೆ ಸಂಬಳದ ರಜೆ ಇರಲೇಬೇಕು. ದಿನಗೂಲಿಯವರಿಗೆ ರಜೆಯ ದಿನ ಕೂಲಿಯಿಲ್ಲ ಎಂದಾದರೆ ಅವರು ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರೆ, ಬಾಗಿಲಲ್ಲಿನ ಉಷ್ಣಾಂಶ ಯಂತ್ರ ಅದನ್ನು ಹಿಡಿಯುವುದಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ; ಮನೆಯಲ್ಲಿ ಒಲೆ ಉರಿಯಬೇಕಲ್ಲ.

ತೊಡೆಯ ಮೇಲೆ ಬಂದು ಹಿಡಿದುಕೊಳ್ಳುವ ಸರಳಾದ ಲ್ಯಾಪ್ ಬಾರ್‌ನ ಪರೀಕ್ಷೆ ಪಾರ್ಕಿನಲ್ಲಿ ಅತಿ ಹತ್ತಿರದ ಸಂಪರ್ಕ. ಅದನ್ನು ಕೈಬಿಡಲಾಗದು, ಕೈಬಿಡಬಾರದು. ಅತಿಥಿ ತಾನೇ ಬಾರ್ ಎಳೆದುಕೊಳ್ಳಲಿ. ಆಪರೇಟರ್ ಪಕ್ಕದಿಂದ ಬಂದು, ಮುಖ ಆಚೆ ತಿರುಗಿಸಿ, ಒಂದೇ ಕೈಯಿಂದ ಮೇಲಕ್ಕೆ ಜಗ್ಗಿ ನೋಡಿ, ಮುಂದಿನ ಸಾಲಿಗೆ ಹೋಗಲಿ. ಮಾತು ಬೇಡ, ಹೆಬ್ಬೆರಳು ಎತ್ತಿ ತೋರಿಸಿದರೆ ಸಾಕು.

ಜನರಿಗೆ ತೆರೆಯುವ ಮೊದಲು ಸಿಬ್ಬಂದಿ ಮತ್ತು ಅವರ ಮನೆಯವರನ್ನು ಕರೆದು ಎರಡು ದಿನ ಪೂರ್ತಿ ಪಾರ್ಕನ್ನು ಓಡಿಸಿ ನೋಡಬೇಕು. ಡಿಸ್ನಿ ವರ್ಲ್ಡ್ 2020ರ ಜುಲೈ 11ರಂದು ತೆರೆಯುವ ಮೊದಲು ಉದ್ಯೋಗಿಗಳಿಗೂ ವಾರ್ಷಿಕ ಪಾಸ್‌ದಾರರಿಗೂ ಹೀಗೆಯೇ ಮುನ್ನೋಟ ನಡೆಸಿತು.

ಎಂಟನೇ ಹೆಜ್ಜೆ: ಜನ ಬಾರದ ದಿನಗಳ ಹಣಕಾಸು

ಮಿತಿ ಹಾಕಿದ್ದರೂ ಅಷ್ಟು ಜನವೂ ಬರದ ದಿನಗಳಿರುತ್ತವೆ. ಆಗ ರೈಡುಗಳನ್ನು ಮುಚ್ಚಿ ವಿದ್ಯುತ್ ಉಳಿಸುವ ಆಲೋಚನೆ ಸಹಜ. ಆದರೆ ರೈಡು ಕಡಿಮೆಯಾದಷ್ಟೂ ಉಳಿದವುಗಳ ಮುಂದೆ ಗುಂಪು ಸೇರುತ್ತದೆ. ಅದಕ್ಕಿಂತ ದಿನಗಳನ್ನು ಕಡಿಮೆ ಮಾಡುವುದು ಸರಿ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ 2020ರ ಸೆಪ್ಟೆಂಬರ್ 25ರಂದು ಮತ್ತೆ ತೆರೆದಾಗ ವಾರಕ್ಕೆ ಐದೇ ದಿನ ನಡೆಯಿತು. ಮುಚ್ಚಿದ ಎರಡು ದಿನಗಳು ನಿರ್ವಹಣೆಗೆ ಸಿಗುತ್ತವೆ, ಉಳಿದ ದಿನಗಳಲ್ಲಿ ಪಾರ್ಕ್ ಪೂರ್ಣವಾಗಿರುತ್ತದೆ, ದೂರದಿಂದ ಬಂದವರಿಗೆ ಅರ್ಧ ಪಾರ್ಕ್ ನೋಡಿ ಹೋದೆವೆಂಬ ಕೊರಗು ಇರುವುದಿಲ್ಲ.

ರೈಡು ನಡೆಸಲು ಅನುಮತಿಯೇ ಇಲ್ಲದ ಕಾಲದಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಬರೀ ತಿಂಡಿಗಳ ಹಬ್ಬ ನಡೆಸಿತು. ನ್ಯೂಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ತನ್ನ ಸಫಾರಿಯನ್ನು ಜನ ತಮ್ಮ ಕಾರಿನಲ್ಲೇ ಕೂತು ನೋಡುವಂತೆ ಮಾಡಿತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ ವಾಹನ ನಿಲ್ದಾಣವೊಂದು 2021ರ ಜನವರಿಯಲ್ಲಿ ಅದಿರುವ ಕೌಂಟಿಯ (ಜಿಲ್ಲೆಯ) ದೊಡ್ಡ ಲಸಿಕಾ ಕೇಂದ್ರವಾಯಿತು. ಜಾಗ, ಅಡುಗೆಮನೆ, ವಾಹನ ನಿಲ್ದಾಣ ಮತ್ತು ಜನಸಂದಣಿ ನಿಭಾಯಿಸಬಲ್ಲ ಸಿಬ್ಬಂದಿ, ಈ ನಾಲ್ಕೂ ಪ್ರತಿ ಪಾರ್ಕಿಗೂ ಇರುವ ಆಸ್ತಿ.

ವಾರ್ಷಿಕ ಪಾಸ್ ಇದ್ದವರಿಗೆ ಮುಚ್ಚಿದ ದಿನಗಳನ್ನು ಸೇರಿಸಿ ಅವಧಿ ವಿಸ್ತರಿಸಬೇಕು ಅಥವಾ ಹಣ ಮರಳಿಸಬೇಕು. ಉದ್ಯೋಗ ಕಡಿತ ಅನಿವಾರ್ಯವಾದಾಗಲೂ ರೈಡು ತಂತ್ರಜ್ಞರನ್ನು ಮತ್ತು ಜೀವರಕ್ಷಕರನ್ನು ಉಳಿಸಿಕೊಳ್ಳಬೇಕು. ಡಿಸ್ನಿ 2020ರ ಸೆಪ್ಟೆಂಬರ್‌ನಲ್ಲಿ 28,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಅಷ್ಟು ದೊಡ್ಡ ಸಂಸ್ಥೆ ಮತ್ತೆ ನೇಮಿಸಿಕೊಂಡು ತರಬೇತಿ ಕೊಡಬಲ್ಲದು. ಹತ್ತು ವರ್ಷ ಒಂದೇ ಕೋಸ್ಟರಿನ ಸದ್ದು ಕೇಳಿ ದೋಷ ಗುರುತಿಸಬಲ್ಲ ಮೆಕ್ಯಾನಿಕ್ ಬೇರೆ ಕಾರ್ಖಾನೆಗೆ ಹೋದರೆ ಒಂದು ಸಣ್ಣ ಪಾರ್ಕಿಗೆ ಅಂಥವರು ಮತ್ತೆ ಸಿಗುವುದಿಲ್ಲ.

ಒಂಬತ್ತನೇ ಹೆಜ್ಜೆ: ಮತ್ತೆ ಮುಚ್ಚುವ ಯೋಜನೆ

ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ 2020ರ ಜೂನ್ 18ರಂದು ತೆರೆಯಿತು, ಜುಲೈ 15ರಂದು ಮುಚ್ಚಿತು, ಸೆಪ್ಟೆಂಬರ್‌ನಲ್ಲಿ ತೆರೆಯಿತು, ಡಿಸೆಂಬರ್ 2ರಂದು ಮತ್ತೆ ಮುಚ್ಚಿತು. ಕರ್ನಾಟಕದಲ್ಲೂ 2021ರ ಏಪ್ರಿಲ್‌ನ ಎರಡನೇ ಅಲೆ ಪಾರ್ಕ್‌ಗಳ ಬಾಗಿಲನ್ನು ಮತ್ತೆ ಹಾಕಿಸಿತು. ಆದ್ದರಿಂದ ತೆರೆಯುವ ಯೋಜನೆಯ ಹಿಂದಿನ ಪುಟದಲ್ಲೇ ಮುಚ್ಚುವ ಯೋಜನೆ ಬರೆದಿರಬೇಕು. ಅಡುಗೆಮನೆ ಮೂರು ದಿನಕ್ಕಿಂತ ಹೆಚ್ಚಿನ ಹಸಿ ಸರಕು ತರಿಸಬಾರದು. ಟಿಕೆಟ್ ಹಣವನ್ನು ಅತಿಥಿ ಬಂದುಹೋಗುವವರೆಗೆ ಪ್ರತ್ಯೇಕ ಖಾತೆಯಲ್ಲಿಡಬೇಕು. ಕೋಸ್ಟರ್ ರೈಲುಗಳನ್ನು ಜಾಕ್ ಮೇಲೆ ನಿಲ್ಲಿಸಿ ಚಕ್ರದ ಭಾರ ಇಳಿಸುವುದು ಯಾರ ಹೊಣೆ ಎಂದು ಗೊತ್ತಿರಬೇಕು.

2021ರ ಅಕ್ಟೋಬರ್ 31ರ ಸಂಜೆ ಶಾಂಘೈ ಡಿಸ್ನಿಲ್ಯಾಂಡ್‌ನಲ್ಲಿ, ಹಿಂದಿನ ದಿನ ಬಂದಿದ್ದ ಒಬ್ಬರಿಗೆ ಸೋಂಕಿರುವುದು ಗೊತ್ತಾಗಿ, ಒಳಗಿದ್ದ ಸುಮಾರು 34,000 ಜನರನ್ನು ಪರೀಕ್ಷೆ ಮಾಡಿಯೇ ಹೊರಗೆ ಬಿಡಲಾಯಿತು. ಅಂಥ ರಾತ್ರಿ ಬಂದರೆ ಏನೇನು ಬೇಕಾಗುತ್ತದೆ ಎಂದು ಹಗಲಿನಲ್ಲೇ ಕೂತು ಬರೆಯಬೇಕು: ಮಕ್ಕಳಿಗೆ ಹಾಲು ಮತ್ತು ಹೊದಿಕೆ, ವೃದ್ಧರಿಗೆ ಕುರ್ಚಿ ಮತ್ತು ಔಷಧ, ಫೋನ್ ಚಾರ್ಜಿಂಗ್, ಎಲ್ಲ ಶೌಚಾಲಯಗಳಿಗೂ ಬೆಳಕು, ತಡರಾತ್ರಿ ಊರಿಗೆ ಹೋಗಲು ಬಸ್ಸು, ಹೊರಗೆ ಕಾಯುವ ಬಂಧುಗಳಿಗೆ ಉತ್ತರಿಸುವ ಒಂದು ದೂರವಾಣಿ, ಮತ್ತು ಮರುದಿನದ ಟಿಕೆಟ್ ಕೊಂಡವರು ಮನೆಯಿಂದ ಹೊರಡುವ ಮೊದಲೇ ಅವರಿಗೆ ಎಸ್‌ಎಂಎಸ್ ಕಳುಹಿಸುವ ಅಧಿಕಾರ ಇರುವ ಒಬ್ಬ ಸೂಪರ್‌ವೈಸರ್‌ನ ಹೆಸರು.